ಸಂಸ್ಥೆ ಬರುತ್ತದೆ, ಹೋಗುತ್ತದೆ. ಲೆಕ್ಕ ಯಾರ ಕೈಯಲ್ಲಿ?

ನಾನು ಶಹಾಪುರ ತಾಲೂಕಿನ ಒಣಬೇಸಾಯದ ರೈತ. ಓದಿದ್ದು ಏಳನೆಯ ತರಗತಿ. ಹೊಲ ನಾಲ್ಕು ಎಕರೆ. ಎರಡು ಎಕರೆ ಎರಿ, ಎರಡು ಎಕರೆ ಮಸಾರಿ. ಮುಂಗಾರಿಗೆ ಹೆಸರು, ತೊಗರಿ, ಸಜ್ಜಿ. ಮಳೆ ಕೈಕೊಡದಿದ್ದರೆ ಹಿಂಗಾರಿಗೆ ಬಿಳಿಜೋಳ. ಬರೆದು ರೂಢಿ ಇಲ್ಲ. ಆದರೆ ಊರಿಗೆ ಬರುವ ಸೇವಾ ಸಂಸ್ಥೆ, ಸಂಘ, ಸಾಲದ ಕಂಪನಿಗಳ ಬಗ್ಗೆ ಮೂವತ್ತು ವರ್ಷದಲ್ಲಿ ಕಲಿತದ್ದು ನನ್ನಂಥ ಸಣ್ಣ ರೈತರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಒಂದಿದೆ. ಅದನ್ನೂ ಮುಚ್ಚಿಟ್ಟಿಲ್ಲ.

ಕಾಲುವೆ ಮೇಲೆ, ಕಾಲುವೆ ಕೆಳಗೆ

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ನಾನಾಗ ಶಾಲೆಯ ಹುಡುಗ. ನಂತರದ ವರ್ಷಗಳಲ್ಲಿ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಕಡೆ ಹರಿಯಿತು. ನಮ್ಮೂರ ಹೊಲಗಳ ನಡುವೆಯೂ ಒಂದು ಕಾಲುವೆ ಹೋಯಿತು. ಅದರ ಕೆಳಗೆ ಬಿದ್ದ ಹೊಲ ಗದ್ದೆಯಾಯಿತು. ಮೇಲೆ ಉಳಿದ ಹೊಲ ಹಂಗೇ ಉಳಿಯಿತು. ನನ್ನದು ಮೇಲಿನದು. ಅಲ್ಲಿಯವರೆಗೆ ನಾವೆಲ್ಲ ಹೆಚ್ಚುಕಡಿಮೆ ಒಂದೇ ತೂಕದ ಬಡವರು. ಆಮೇಲೆ ಊರು ಎರಡಾಯಿತು.

ನಮ್ಮೂರ ಲೆಕ್ಕ ಹೇಳುತ್ತೇನೆ. ನಿಮ್ಮೂರಲ್ಲಿ ಸ್ವಲ್ಪ ಬೇರೆ ಇರಬಹುದು. ನನ್ನ ನಾಲ್ಕು ಎಕರೆಗೆ ತೊಗರಿ ಒಳ್ಳೆ ವರ್ಷ 12 ಕ್ವಿಂಟಲ್. ಕ್ವಿಂಟಲಿಗೆ ರೂ. 7,000 ಹಿಡಿದರೆ 84,000. ಬೀಜ, ಗೊಬ್ಬರ, ಔಷಧ, ಗಳೆ, ಆಳು, ರಾಶಿ ಎಂದು 36,000 ಖರ್ಚು. ಉಳಿದದ್ದು 48,000. ಕೆಟ್ಟ ವರ್ಷ 4 ಕ್ವಿಂಟಲ್ ಬಂದರೆ 28,000. ಖರ್ಚು ಮಾತ್ರ ಅಷ್ಟೇ. ಅಂದರೆ ಕೈಯಿಂದ 8,000 ಹೋಯಿತು. ಕಾಲುವೆ ಕೆಳಗಿನ ನಾಲ್ಕು ಎಕರೆ ಭತ್ತಕ್ಕೆ ಖರ್ಚು ಕಳೆದು ಒಂದು ಬೆಳೆಗೆ ಲಕ್ಷದ ಹತ್ತಿರ ಉಳಿಯುತ್ತದೆ. ನೀರು ಸಿಕ್ಕ ವರ್ಷ ಎರಡು ಬೆಳೆ. ಕಾಲುವೆಯ ಬಾಲದಲ್ಲಿರುವವರ ಪಾಡು ಬೇರೆ. ಕಾಗದದ ಮೇಲೆ ಅವರದು ನೀರಾವರಿ, ಹೊಲದಲ್ಲಿ ಬರೀ ಧೂಳು.

ಅಂತರ ಇಷ್ಟಕ್ಕೇ ನಿಲ್ಲುವುದಿಲ್ಲ. ಬೆಳೆಸಾಲ ಕೊಡುವಾಗ ಭತ್ತದ ಎಕರೆಗೆ ಹೆಚ್ಚು, ಒಣ ತೊಗರಿಯ ಎಕರೆಗೆ ಕಡಿಮೆ. ಸಹಕಾರ ಸಂಘದಲ್ಲಿ ಬಡ್ಡಿ ಇಲ್ಲದ ಬೆಳೆಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಅದು ಪಹಣಿಯಲ್ಲಿ ಹೆಸರಿದ್ದು ಸಂಘದಲ್ಲಿ ಸದಸ್ಯನಾದವನಿಗೆ. ಲಾವಣಿ ಮಾಡುವವನಿಗೆ, ಅಪ್ಪನ ಹೆಸರಿನಲ್ಲೇ ಹೊಲ ಉಳಿದವನಿಗೆ, ಕೂಲಿ ಮಾಡುವ ಹೆಣ್ಣುಮಗಳಿಗೆ ಆ ಬಾಗಿಲು ತೆರೆಯುವುದಿಲ್ಲ. ಹೀಗಾಗಿ ಇದ್ದವನಿಗೆ ಬಡ್ಡಿ ಇಲ್ಲದ ಸಾಲ, ಇಲ್ಲದವನಿಗೆ ನೂರಕ್ಕೆ ಮೂರರ ಸಾಲ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ 36. ಜೂನಿನಲ್ಲಿ 20,000 ತಂದು ಜನವರಿ ಕೊನೆಗೆ ರಾಶಿ ಮಾಡಿ ಕೊಟ್ಟರೆ ಎಂಟು ತಿಂಗಳಿಗೆ ಬಡ್ಡಿಯೇ 4,800. ಸಾಲ ಕೊಟ್ಟವನು ಅಡತಿ ಅಂಗಡಿಯವನಾದರೆ ತೊಗರಿಯೂ ಅವನಿಗೇ, ಅವನು ಹೇಳಿದ ದರಕ್ಕೇ.

ನಾಡಿನ ಮಟ್ಟದಲ್ಲೂ ಇದೇ ಕಥೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ರಾಜ್ಯದ ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರೊಳಗೆ. ಆಮೇಲೆ ಯಾದಗಿರಿ ಜಿಲ್ಲೆಯಾಯಿತು, 371 (ಜೆ) ಬಂತು. ರಸ್ತೆ, ಶಾಲೆಯ ಕೋಣೆ ಆದವು. ಆದರೆ ತೊಗರಿ ರಾಶಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಮಂದಿ ಇನ್ನೂ ನಿಂತಿಲ್ಲ.

ಆಡು ಹಂಚಿದವರು

ಇಂಥ ಊರಿಗೆ ಸೇವಾ ಸಂಸ್ಥೆಯವರು ಬರುವುದು ಸಹಜ. ಮೊದಲು ಬಂದ ಸಂಸ್ಥೆ ಬಡವರಿಗೆ ಎರಡೆರಡು ಆಡು ಹಂಚಿತು. ಒಳ್ಳೆ ಮನಸ್ಸಿನವರೇ. ಆದರೆ ಆ ವರ್ಷ ಮೇವಿಲ್ಲ. ಹಬ್ಬದ ಖರ್ಚಿಗೆ, ಕಾಯಿಲೆಗೆ ಒಬ್ಬೊಬ್ಬರೇ ಆಡು ಮಾರಿದರು. ಕೊಂಡವರು ಯಾರು? ಮೇವು ಇದ್ದವರು. ವರ್ಷ ತುಂಬುವುದರೊಳಗೆ ಬಡವರ ಆಡು ಕಾಲುವೆ ಕೆಳಗಿನವರ ಹಟ್ಟಿ ಸೇರಿತ್ತು. ಸಂಸ್ಥೆಯ ವರದಿಯಲ್ಲಿ ಮಾತ್ರ ಇಷ್ಟು ಕುಟುಂಬಕ್ಕೆ ಇಷ್ಟು ಆಡು ಎಂದೇ ಉಳಿದಿರಬೇಕು.

ಅಲ್ಲಿ ಒಂದು ಪಾಠ ಕಲಿತೆ. ಇಳಿಜಾರಿನ ಹೊಲದಲ್ಲಿ ನೀರು ಬಿಟ್ಟರೆ ಅದು ತಗ್ಗಿಗೇ ಹೋಗುತ್ತದೆ. ಬದು ಹಾಕದೆ ನೀರು ಬಿಟ್ಟು ಫಲವಿಲ್ಲ. ಕೊಟ್ಟ ವಸ್ತುವೂ ಹಂಗೇ. ಅದನ್ನು ಹಿಡಿದು ನಿಲ್ಲಿಸುವ ಬದು ಬಡವನ ಹತ್ತಿರ ಇರಬೇಕು.

ಹತ್ತು ರೂಪಾಯಿಯ ಸಂಘ

1998ರಲ್ಲಿ ಮತ್ತೊಂದು ಸಂಸ್ಥೆಯವರು ಇಬ್ಬರು ಬಂದರು. ಅವರು ಏನೂ ಹಂಚಲಿಲ್ಲ. ಹದಿನೈದು ಹೆಣ್ಣುಮಕ್ಕಳನ್ನು ಕೂಡಿಸಿ ವಾರಕ್ಕೆ ಹತ್ತು ರೂಪಾಯಿ ಉಳಿಸಿರಿ ಎಂದರು. ನಾವು ಗಂಡಸರು ನಕ್ಕೆವು. ಹತ್ತು ರೂಪಾಯಿಯಿಂದ ಬಡತನ ಹೋಗುತ್ತದೇನು ಎಂದೆವು.

ಈ ಪದ್ಧತಿ ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಸಹಕಾರ ನಮ್ಮ ನಾಡಿಗೆ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲನೆಯದೆಂದು ಅದಕ್ಕೆ ಹೆಸರು. ಆದರೆ ಕಾಲ ಹೋದಂತೆ ಎಷ್ಟೋ ಕಡೆ ಸಂಘಗಳು ಊರ ದೊಡ್ಡವರ ಕೈಗೆ ಹೋದವು. 1980ರ ದಶಕದಲ್ಲಿ ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದ ಮೈರಾಡ ಸಂಸ್ಥೆ ಇದನ್ನು ಕಂಡಿತು. ದೊಡ್ಡ ಸಂಘ ಒಡೆದಾಗ, ಒಬ್ಬರನ್ನೊಬ್ಬರು ಬಲ್ಲ ಹತ್ತಿಪ್ಪತ್ತು ಮಂದಿಯ ಸಣ್ಣ ಗುಂಪು ಮಾತ್ರ ಗಟ್ಟಿಯಾಗಿ ಉಳಿಯುತ್ತಿತ್ತು. ಅಂಥ ಗುಂಪುಗಳನ್ನೇ ಅದು ಬೆಳೆಸಿತು. ನಬಾರ್ಡ್ ಅದಕ್ಕೆ ನೆರವಾಯಿತು. 1992ರಲ್ಲಿ ಪ್ರಯೋಗಕ್ಕೆಂದು ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಗುರಿ ಹಾಕಿಕೊಂಡಿತು. 2000ದಲ್ಲಿ ನಮ್ಮ ಸರ್ಕಾರ ಸ್ತ್ರೀಶಕ್ತಿ ಸಂಘ ಶುರು ಮಾಡಿತು. ಇಂದು ಸಂಘವಿಲ್ಲದ ಊರು ಸಿಗುವುದು ಕಷ್ಟ.

ನನ್ನ ತಪ್ಪು

ಹದಿನೈದು ಮಂದಿಯಲ್ಲಿ ಒಬ್ಬರಿಗೂ ಬರೆಯಲು ಬರುತ್ತಿರಲಿಲ್ಲ. ನನ್ನ ಮನಿಯಾಕಿ ಸದಸ್ಯೆ. ನಾನು ಏಳನೆಯ ತರಗತಿ ಓದಿದವನು. ಲೆಕ್ಕ ನೀನೇ ಬರಿ ಎಂದರು. ಪ್ರತಿ ಸೋಮವಾರ ರಾತ್ರಿ ಹನುಮಪ್ಪನ ಗುಡಿ ಕಟ್ಟೆಗೆ ಕೂತು ಬರೆಯುತ್ತಿದ್ದೆ.

2002ರ ಬರದ ಮರುವರ್ಷ ಮನಿಯಾಕಿ ಹೆಸರಿನಲ್ಲಿ ಸಂಘದಿಂದ 6,000 ತೆಗೆದು ಕೊಳವೆಬಾವಿಯ ಖರ್ಚಿಗೆ ಹಾಕಿದೆ. ನೀರು ಬೀಳಲಿಲ್ಲ. ಕಂತು ಕಟ್ಟಲಿಲ್ಲ. ಆದರೆ ಲೆಕ್ಕದ ಪುಸ್ತಕ ನನ್ನ ಕೈಯಲ್ಲೇ ಇತ್ತಲ್ಲ! ವಾರದ ಸಭೆಯಲ್ಲಿ ಎಲ್ಲರ ಬಾಕಿ ಓದುತ್ತಿದ್ದೆ, ನನ್ನ ಮನೆಯದು ಬಂದಾಗ ಹಾಳೆ ತಿರುವುತ್ತಿದ್ದೆ. ಹೀಗೆ ಏಳು ತಿಂಗಳು ನಡೆಯಿತು. ಸುಳ್ಳು ಬರೆಯಲಿಲ್ಲ, ಓದಲಿಲ್ಲ ಅಷ್ಟೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಗುಂಪಿನಲ್ಲಿ ಒಬ್ಬ ಮುದುಕಿ ಇದ್ದಳು. ಕೂಲಿ ಮಾಡುವಾಕೆ, ಹೊಲವಿಲ್ಲ. ಆಕೆ ಸೆರಗಿನ ಗಂಟಿನಲ್ಲಿ ಹುಣಸೆ ಬೀಜ ಕಟ್ಟಿಕೊಂಡು ಬರುತ್ತಿದ್ದಳು. ಯಾರು ಸಾಲ ತೆಗೆದರು, ಯಾರು ಕಂತು ಕಟ್ಟಿದರು, ಎಲ್ಲ ಅದರಲ್ಲೇ ಎಣಿಕೆ. ಒಂದು ರಾತ್ರಿ ನಾನು ಓದಿ ಮುಗಿಸಿದ ಮೇಲೆ ಆಕೆ ಕೇಳಿದಳು: “ತಮ್ಮಾ, ಎಲ್ಲಾರದೂ ಓದಿದಿ. ನಿನ್ನ ಮನಿದು ಓದಲಿಲ್ಲಲ್ಲ?”

ಯಾರೂ ಮಾತಾಡಲಿಲ್ಲ. ಮನಿಯಾಕಿ ತಲೆ ತಗ್ಗಿಸಿದಳು. ನಾನು ಪುಸ್ತಕ ತೆಗೆದು ಓದಿದೆ. ಅಸಲು 6,000, ಏಳು ತಿಂಗಳ ಬಡ್ಡಿ 840.

ಅವರು ನನ್ನ ಮನೆಗೆ ಬಂದು ಗದ್ದಲ ಮಾಡಲಿಲ್ಲ. ಎರಡು ಠರಾವು ಮಾಡಿದರು. ಒಂದು, ತೊಗರಿ ರಾಶಿಯವರೆಗೆ ನನಗೆ ಮುದ್ದತು. ಎರಡು, ಇನ್ನು ಮುಂದೆ ಲೆಕ್ಕ ಬರೆಯುವುದು ಓಣಿಯ ಎಂಟನೆಯ ತರಗತಿಯ ಹುಡುಗಿ. ಅವಳಿಗೆ ಸಭೆಗೆ ಐದು ರೂಪಾಯಿ. ಬರೆದದ್ದನ್ನು ಪ್ರತಿ ಸಭೆಯಲ್ಲಿ ಎಲ್ಲರ ಮುಂದೆ ಜೋರಾಗಿ ಓದಬೇಕು. ಆ ವರ್ಷ ರಾಶಿಯಾದ ಮೇಲೆ ನಾನು ಬಾಕಿ ಕಟ್ಟಿದೆ.

ಊರಿನ ಅಂತರ ಕಾಲುವೆ ಒಂದರಿಂದಲೇ ಎಂದು ನಾನು ತಿಳಿದಿದ್ದೆ. ಅಂದು ಗೊತ್ತಾಯಿತು, ಅಕ್ಷರ ಬಲ್ಲ ನಾನೂ ಆ ಮುದುಕಿಯ ಮುಂದೆ ಕಾಲುವೆ ಕೆಳಗಿನವನೇ. ಬಡವರ ಸಂಘದಲ್ಲೂ ಸ್ವಲ್ಪ ಮೇಲಿರುವವನೇ ಮೊದಲು ಕೈ ಹಾಕುತ್ತಾನೆ. ನಾನು ಹಾಕಿದ್ದೆ.

ವಾರದ ಕಂತಿನ ಕಾಲ

ಸಂಸ್ಥೆಯವರು 2005ರಲ್ಲಿ ಹೋದರು. ಸಂಘ ಉಳಿಯಿತು. ಆಮೇಲೆ ಸಾಲ ಕೊಡುವ ಕಂಪನಿಗಳು ಬಂದವು. ಅವರೂ ಹೆಣ್ಣುಮಕ್ಕಳನ್ನು ಗುಂಪಾಗಿ ಕೂಡಿಸುತ್ತಾರೆ. ಅವರೂ ವಾರವಾರ ಬರುತ್ತಾರೆ. ನೋಡಲು ಎರಡೂ ಒಂದೇ ಥರ. ಆದ್ದರಿಂದಲೇ ಮಂದಿ ಮೋಸ ಹೋಗುವುದು.

2023ರ ಬರ ನಿಮಗೆ ನೆನಪಿದೆ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ನನ್ನ ತೊಗರಿ ಹೂವಿನಲ್ಲೇ ಒಣಗಿತು. ಆ ಡಿಸೆಂಬರಿನಲ್ಲಿ ಮನಿಯಾಕಿ ಎರಡು ಕಡೆಯಿಂದ ಇಪ್ಪತ್ತಿಪ್ಪತ್ತು ಸಾವಿರ ತಂದಳು. ನೂರಕ್ಕೆ ವರ್ಷಕ್ಕೆ ಹನ್ನೆರಡೇ ಬಡ್ಡಿ ಎಂದರು. ಸಾವಕಾರನ 36ರ ಮುಂದೆ ಇದು ಧರ್ಮ ಅನ್ನಿಸಿತು.

ಈಗ ಆ ಹನ್ನೆರಡರ ಲೆಕ್ಕ ನೋಡಿರಿ. 10,000 ಸಾಲ, 50 ವಾರ. ವಾರಕ್ಕೆ ಅಸಲು 200, ಬಡ್ಡಿ 24, ಒಟ್ಟು 224. ಬಡ್ಡಿ ಒಟ್ಟು 1,200. ಆದರೆ ಆ ಹತ್ತು ಸಾವಿರ ಇಡೀ ವರ್ಷ ನಮ್ಮ ಹತ್ತಿರ ಇರುವುದಿಲ್ಲ. ವಾರವಾರ ಇಳಿಯುತ್ತದೆ. ಮೊದಲ ವಾರ 10,000, ಕೊನೆಯ ವಾರ ಬರೀ 200. ಸರಾಸರಿ ನಮ್ಮ ಕೈಯಲ್ಲಿದ್ದದ್ದು 5,100. ಆ 5,100ಕ್ಕೆ 1,200 ಎಂದರೆ ಬಡ್ಡಿ ನೂರಕ್ಕೆ 24ರ ಹತ್ತಿರ. ಮೊದಲೇ ಅರ್ಜಿ, ವಿಮೆ ಎಂದು ಮುರಿದುಕೊಂಡದ್ದು ಸೇರಿಸಿದರೆ ಇನ್ನೂ ಮೇಲೆ.

ನಮ್ಮ ಸಂಘದ್ದೇನು ಕಡಿಮೆಯೇ? ತಿಂಗಳಿಗೆ ನೂರಕ್ಕೆ ಎರಡು, ಉಳಿದ ಅಸಲಿಗೆ ಮಾತ್ರ. 10,000 ತೆಗೆದು ತಿಂಗಳಿಗೆ ಸಾವಿರದಂತೆ ಹತ್ತು ತಿಂಗಳಲ್ಲಿ ತೀರಿಸಿದರೆ ಬಡ್ಡಿ 200, 180, 160 ಹೀಗೆ ಇಳಿದು ಒಟ್ಟು 1,100. ನೋಡಿದಿರಾ, ದರದಲ್ಲಿ ದೊಡ್ಡ ಫರಕಿಲ್ಲ! ಫರಕು ಇರುವುದು ಬೇರೆ ಎರಡು ಕಡೆ.

ಒಂದು, ಬಡ್ಡಿ ಎಲ್ಲಿಗೆ ಹೋಗುತ್ತದೆ. ಸಂಘದ ಬಡ್ಡಿ ಸಂಘದ ಡಬ್ಬಿಗೇ ಬರುತ್ತದೆ. ಮುಂದಿನ ವರ್ಷ ಮತ್ತೊಬ್ಬಳ ಬೀಜಕ್ಕೆ ಸಾಲವಾಗುತ್ತದೆ. ಕಂಪನಿಯ ಬಡ್ಡಿ ಊರು ಬಿಟ್ಟು ಹೋಗುತ್ತದೆ.

ಎರಡು, ಕಂತು ಕಾಯುತ್ತದೋ ಇಲ್ಲವೋ. ನಮ್ಮದು ವರ್ಷಕ್ಕೊಮ್ಮೆ ರೊಕ್ಕ ಕಾಣುವ ಬದುಕು. ಎರಡು ಸಾಲ ಸೇರಿ ನಮಗೆ ವಾರಕ್ಕೆ 896 ಕಂತು. ನಮ್ಮ ಕಡೆ ಹೆಣ್ಣಾಳಿನ ಕೂಲಿ ಆಗ 250. ಅಂದರೆ ವಾರದ ಮೂರೂವರೆ ದಿನದ ಕೂಲಿ ಕಂತಿಗೇ. ಬ್ಯಾಸಿಗೆಯಲ್ಲಿ ಕೂಲಿಯೇ ಇಲ್ಲ. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ ತೆಗೆಯುವುದು ಶುರುವಾಗುವುದೇ ಅಲ್ಲಿಂದ. ವಸೂಲಿಗೆ ಬಂದವರು ರಾತ್ರಿಯಾದರೂ ಅಂಗಳ ಬಿಟ್ಟು ಏಳುತ್ತಿರಲಿಲ್ಲ. ಮಗ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಆತನಿಗೆ ಒಕ್ಕಲುತನದ ಮೇಲೆ ಮನಸ್ಸಿತ್ತು.

2024ರ ಜೂನಿನಲ್ಲಿ ಮನಿಯಾಕಿ ತನ್ನ ಹಳೆಯ ಸಂಘದಲ್ಲಿ ಬಾಯಿ ಬಿಟ್ಟು ಹೇಳಿದಳು. ಅಲ್ಲಿ ಗೊತ್ತಾಯಿತು, ಇಂಥ ಸಾಲ ಇಲ್ಲದವರು ಮೂವರೇ. ಎಲ್ಲರೂ ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ದರು. ಯಾರದು ಎಷ್ಟು ಎಂದು ಪಟ್ಟಿ ಮಾಡಿದರು. ಉಳಿತಾಯದ ಹಣದಿಂದ ತೀರಾ ಕಷ್ಟದ ನಾಲ್ವರ ಒಂದೊಂದು ಸಾಲ ಚುಕ್ತಾ ಮಾಡಿದರು. ನಮ್ಮದು ಉಳಿದ ಅಸಲು 9,200. ಜನವರಿಯಲ್ಲಿ ತೊಗರಿ ಮಾರಿ ಸಂಘಕ್ಕೆ ಅಸಲಿನ ಜೊತೆ ಏಳು ತಿಂಗಳ ಬಡ್ಡಿ 1,288 ಕಟ್ಟಿದೆವು. ಇನ್ನೊಂದು ಸಾಲ ಮಗನ ದುಡಿಮೆಯಿಂದ ತೀರಿತು. ಎಲ್ಲರೂ ಉಳಿದರು ಎಂದು ಹೇಳಲಾರೆ. ಎರಡು ಮನೆಗಳಿಗೆ ಕೀಲಿ ಬಿದ್ದಿದೆ. ಅವರು ಗುಳೆ ಹೋದವರು ತಿರುಗಿ ಬಂದಿಲ್ಲ.

ತಿಳಿದಿರಬೇಕಾದ ನಿಯಮಗಳು

ನಮಗೆ ತಡವಾಗಿ ತಿಳಿದದ್ದು ನಿಮಗೆ ಮೊದಲೇ ತಿಳಿದಿರಲಿ. ಕಿರುಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್‌ನಿಂದ ಹೀಗಿದೆ:

• ಮನೆಯ ವರ್ಷದ ಆದಾಯ 3 ಲಕ್ಷದವರೆಗೆ ಇದ್ದವರಿಗೆ ಕೊಡುವ ಈ ಸಾಲಕ್ಕೆ ಹೊಲ, ಬಂಗಾರ ಯಾವುದನ್ನೂ ಒತ್ತೆ ಇಡಿಸಿಕೊಳ್ಳುವಂತಿಲ್ಲ.
• ಮನೆಯ ಎಲ್ಲ ಸಾಲದ ಕಂತು ಕೂಡಿ ತಿಂಗಳ ಆದಾಯದ ಅರ್ಧ ಮೀರಬಾರದು.
• ಬಡ್ಡಿ, ಖರ್ಚು ಎಲ್ಲ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು ಬರೆದ ಹಾಳೆ ಕೊಡಬೇಕು. ಸಾಲದ ಕಾರ್ಡು ನಮಗೆ ತಿಳಿಯುವ ಭಾಷೆಯಲ್ಲಿರಬೇಕು.
• ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ.
• ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕಾಡುವಂತಿಲ್ಲ. ಬೈಯುವುದು, ಬೆದರಿಸುವುದು ತಪ್ಪು.

ನಮ್ಮ ರಾಜ್ಯದಲ್ಲಿ ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಕಾಯ್ದೆಯಾಯಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇಲ್ಲದ ಸಾಲದ ಸಂಸ್ಥೆಗಳು ಜಿಲ್ಲೆಯಲ್ಲಿ ನೋಂದಣಿ ಮಾಡಿಸಲೇಬೇಕು. ತಪ್ಪಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆದ್ದರಿಂದ ಸಾಲ ಕೊಡಲು ಬಂದವರಿಗೆ ಮೊದಲು ಕೇಳಬೇಕಾದದ್ದು: “ನಿಮ್ಮ ನೋಂದಣಿ ಎಲ್ಲಿ?”

ಐದು ಪ್ರಶ್ನೆ

ಯಾವ ಸಂಸ್ಥೆಯೇ ಊರಿಗೆ ಬರಲಿ, ಸೇವೆಯದಿರಲಿ, ಮಠದ್ದಿರಲಿ, ಸರ್ಕಾರದ್ದಿರಲಿ, ಕಂಪನಿಯದಿರಲಿ, ಕಟ್ಟೆಯ ಮೇಲೆ ಕೂಡಿಸಿ ಈ ಐದು ಪ್ರಶ್ನೆ ಕೇಳಿರಿ.

1. ರೊಕ್ಕ ಎಲ್ಲಿಂದ ಬರುತ್ತದೆ, ಬಡ್ಡಿ ಎಲ್ಲಿಗೆ ಹೋಗುತ್ತದೆ?
2. ಲೆಕ್ಕ ಯಾರು ಬರೆಯುತ್ತಾರೆ? ಯಾರ ಮುಂದೆ ಓದುತ್ತಾರೆ? ಬರೆಯುವವನೇ ಸಾಲಗಾರನಾದರೆ ಬೇಡ.
3. ಕಂತು ನಮ್ಮ ರಾಶಿಗೆ ಹೊಂದುತ್ತದೆಯೇ? ಬರ ಬಿದ್ದರೆ ಏನು?
4. ಪಹಣಿ ಇಲ್ಲದವರಿಗೆ, ಲಾವಣಿ ಮಾಡುವವರಿಗೆ, ಒಂಟಿ ಹೆಣ್ಣುಮಗಳಿಗೆ ಇದರಲ್ಲಿ ಜಾಗ ಇದೆಯೇ?
5. ನೀವು ಹೋದ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಐದನೆಯದಕ್ಕೆ ಸರಿಯಾದ ಉತ್ತರ ಕೊಡದ ಸಂಸ್ಥೆ ಎಷ್ಟು ಹಂಚಿದರೂ ಅದು ಆಡಿನ ಕಥೆಯೇ.

ಸಂಘದಿಂದ ಆಗದ್ದು

ಒಂದು ಮಾತು ಸ್ಪಷ್ಟವಿರಲಿ. ಸಂಘ ನಮ್ಮನ್ನು ಕಾಲುವೆ ಕೆಳಗಿನವರ ಸಮ ಮಾಡಿಲ್ಲ. ಮಾಡಲಾರದು. ಹನ್ನೆರಡು ಹೆಣ್ಣುಮಕ್ಕಳ ಉಳಿತಾಯದಿಂದ ಕಾಲುವೆಯ ಬಾಲಕ್ಕೆ ನೀರು ಬರುವುದಿಲ್ಲ. 2025–26ಕ್ಕೆ ತೊಗರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಎಂದು ಕೇಂದ್ರ ಘೋಷಿಸಿತು. ಆದರೆ ಖರೀದಿ ಕೇಂದ್ರ ತೆರೆಯುವವರೆಗೆ ಕಾಯುವ ತ್ರಾಣ ಸಾಲಗಾರನಿಗೆ ಇರುವುದಿಲ್ಲ. ನೀರು, ಬೆಲೆ, ಬೆಳೆವಿಮೆ ಸರ್ಕಾರದ ಹೊಣೆ. ಸೇವಾ ಸಂಸ್ಥೆಗಳಿವೆಯಲ್ಲ ಎಂದು ಸರ್ಕಾರ ಕೈ ತೊಳೆದುಕೊಳ್ಳಲು ನಾವು ಬಿಡಬಾರದು.

ಸಂಘದಿಂದ ಆಗುವುದು ಒಂದೇ. ನಮ್ಮ ಹೊಲದಿಂದ ಬಡ್ಡಿಯ ರೂಪದಲ್ಲಿ ಹರಿದು ಹೋಗುವುದಕ್ಕೆ ಸಣ್ಣದೊಂದು ಬದು. ಒಂದು ಬ್ಯಾಸಿಗೆ ತಡೆದುಕೊಳ್ಳುವಷ್ಟು. ಒಣಬೇಸಾಯದವನಿಗೆ ಒಂದು ಬ್ಯಾಸಿಗೆ ತಡೆದುಕೊಳ್ಳುವುದು ಸಣ್ಣ ಮಾತಲ್ಲ. ಆ ಬ್ಯಾಸಿಗೆಯಲ್ಲೇ ಎತ್ತು ಮಾರುವುದು, ಹೊಲ ಬರೆದುಕೊಡುವುದು, ಮಗ ಊರು ಬಿಡುವುದು.

ಹುಣಸೆ ಬೀಜದ ಮುದುಕಿ ಈಗಿಲ್ಲ. ಅಂದು ಲೆಕ್ಕ ಬರೆಯಲು ಹಿಡಿದ ಹುಡುಗಿ ಮದುವೆಯಾಗಿ ಸುರಪುರದ ಕಡೆ ಹೋದಳು. ಹೋಗುವ ಮುಂಚೆ ಇನ್ನೊಬ್ಬಳಿಗೆ ಕಲಿಸಿ ಹೋದಳು. ಈಗ ಬರೆಯುವಾಕೆ ಮೂರನೆಯವಳು. ಸೋಮವಾರ ರಾತ್ರಿ ಈಗಲೂ ಗುಡಿ ಕಟ್ಟೆಯ ಮೇಲೆ ಲೆಕ್ಕ ಜೋರಾಗಿ ಓದುತ್ತಾರೆ. ನನ್ನ ಮನೆಯದನ್ನೂ.

ನಿಮ್ಮೂರಿನಲ್ಲಿ ಸಂಘ ಉಳಿದಿದ್ದರೆ ಏಕೆ ಉಳಿಯಿತು, ಮುರಿದಿದ್ದರೆ ಏಕೆ ಮುರಿಯಿತು ಎಂದು ಪತ್ರಿಕೆಗೆ ಬರೆಯಿರಿ. ಮುರಿದದ್ದರಿಂದ ಕಲಿಯುವುದು ಹೆಚ್ಚು ಎಂದು ನನ್ನ ಅನುಭವ.